ಟಿಪ್ಸ್ ಕೊಡುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ

ಬರ್ಲಿನ್ನಿನ ಒಂದು ಸಣ್ಣ ಕೆಫೆಯಲ್ಲಿ ಊಟ ಮುಗಿಸಿ ಬಿಲ್ಲು ತರಿಸಿದಾಗ ಮೊತ್ತ 38 ಯೂರೋ 40 ಸೆಂಟ್ ಆಗಿತ್ತು. ನಾನು 50 ಯೂರೋದ ನೋಟೊಂದನ್ನು ವೇಟರ್ ಕೈಗೆ ಕೊಡುತ್ತಾ, ನನಗೆ ಗೊತ್ತಿದ್ದ ನಾಲ್ಕಾರು ಜರ್ಮನ್ ಪದಗಳಲ್ಲಿ ಒಂದಾದ ‘ಡಾಂಕೆ’ಯನ್ನು ಹೇಳಿದೆ. ಆತನ ಮುಖ ಅರಳಿತು. ತಾನೂ ಎರಡು ಬಾರಿ ಧನ್ಯವಾದ ಹೇಳಿ, ಚಿಲ್ಲರೆ ಇಟ್ಟುಕೊಳ್ಳುವ ದಪ್ಪ ಚರ್ಮದ ಚೀಲವನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟುಹೋದ. ಉಳಿದ ಹಣ ತರಲು ಹೋಗಿದ್ದಾನೆಂದು ನಾನು ಹತ್ತು ನಿಮಿಷ ಕಾದು ಕುಳಿತೆ. ಕೊನೆಗೆ ಪಕ್ಕದ ಮೇಜಿನಲ್ಲಿದ್ದ ಹಿರಿಯರೊಬ್ಬರು ನನ್ನ ಗೊಂದಲವನ್ನು ಗಮನಿಸಿ ವಿಷಯವನ್ನು ತಿಳಿಸಿದರು. ಆ ದೇಶದಲ್ಲಿ ನೋಟು ಕೈ ಬದಲಾಯಿಸುವ ಗಳಿಗೆಯಲ್ಲಿ ಧನ್ಯವಾದ ಹೇಳಿದರೆ ‘ಉಳಿದದ್ದು ನಿಮಗೇ ಇರಲಿ’ ಎಂದೇ ಅರ್ಥ ಮಾಡಿಕೊಳ್ಳುತ್ತಾರಂತೆ. ಆತ ನನಗೆ ಮೋಸ ಮಾಡಿರಲಿಲ್ಲ. ನಾನೇ ನನಗರಿವಿಲ್ಲದೆ ಹನ್ನೊಂದೂವರೆ ಯೂರೋಗಿಂತ ಹೆಚ್ಚನ್ನು ಟಿಪ್ಸ್ ಆಗಿ ಕೊಟ್ಟಿದ್ದೆ.

ಅಲ್ಲಿಯ ಕ್ರಮವನ್ನು ಅವರೇ ವಿವರಿಸಿದರು. ಬಿಲ್ಲು 38.40 ಇದ್ದರೆ, ಟಿಪ್ಸ್ ಸೇರಿಸಿ ಒಟ್ಟು ಎಷ್ಟು ಕೊಡಬೇಕೆಂದಿದ್ದೇವೋ ಆ ಅಂಕಿಯನ್ನು, ಉದಾಹರಣೆಗೆ ‘ನಲವತ್ತೆರಡು’ ಎಂದು, ನೋಟು ಕೊಡುವಾಗಲೇ ಹೇಳಬೇಕು. ಆತ ಎಂಟು ಯೂರೋ ಹಿಂದಿರುಗಿಸುತ್ತಾನೆ, ಅಲ್ಲಿಗೆ ವ್ಯವಹಾರ ಮುಗಿಯಿತು. ಚಿಲ್ಲರೆ ಬೇಡವೆಂದಾದರೆ ‘ಷ್ಟಿಮ್ಟ್ ಜೋ’, ಅಂದರೆ ‘ಹೀಗೇ ಸರಿಯಾಗಿದೆ’ ಎಂದರೆ ಸಾಕು. ಬಿಲ್ಲನ್ನು ಮೇಲಿನ ಅಂಕಿಗೆ ಸರಿಹೊಂದಿಸುವುದು, ಹೆಚ್ಚೆಂದರೆ ನೂರಕ್ಕೆ ಐದರಿಂದ ಹತ್ತರಷ್ಟು ಸೇರಿಸುವುದು ಅಲ್ಲಿಯ ರೂಢಿ. ಎದ್ದು ಹೋಗುವಾಗ ಮೇಜಿನ ಮೇಲೆ ನಾಣ್ಯಗಳನ್ನು ಬಿಟ್ಟುಹೋಗುವ ಪದ್ಧತಿ ಅಲ್ಲಿಯದಲ್ಲ.

ಹೆಚ್ಚು ಹೋದ ಹಣಕ್ಕಾಗಿ ನನಗೆ ಬೇಸರವಾಗಲಿಲ್ಲ. ಆದರೆ ಟಿಪ್ಸ್ ಎಂಬುದಕ್ಕೂ ಒಂದು ವ್ಯಾಕರಣವಿದೆ, ಅದು ದೇಶದಿಂದ ದೇಶಕ್ಕೆ ಬದಲಾಗುತ್ತದೆ, ಅದನ್ನು ಕಲಿಯದೆ ಹೋದವರು ಒಂದೋ ತಾವು ನಷ್ಟ ಅನುಭವಿಸುತ್ತಾರೆ, ಇಲ್ಲವೇ ಇನ್ನೊಬ್ಬರ ದುಡಿಮೆಗೆ ನಷ್ಟ ಉಂಟುಮಾಡುತ್ತಾರೆ ಎಂಬುದು ಆ ದಿನ ಮನಸ್ಸಿನಲ್ಲಿ ನಾಟಿತು. ಎರಡನೆಯದೇ ಹೆಚ್ಚು ಗಂಭೀರವಾದದ್ದೆಂದು ಅನಂತರದ ಪ್ರವಾಸಗಳಲ್ಲಿ ತಿಳಿಯಿತು.

ಈ ಹಣಕ್ಕೆ ಬೇರೆ ಬೇರೆ ಭಾಷೆಗಳು ಇಟ್ಟಿರುವ ಹೆಸರುಗಳನ್ನು ನೋಡಿದರೆ ಅದರ ಹುಟ್ಟು ಸ್ವಲ್ಪಮಟ್ಟಿಗೆ ಗೊತ್ತಾಗುತ್ತದೆ. ಜರ್ಮನ್ನಿನ ‘ಟ್ರಿಂಕ್‌ಗೆಲ್ಟ್’ ಎಂದರೆ ಕುಡಿಯುವ ದುಡ್ಡು. ಫ್ರೆಂಚಿನ ‘ಪೂರ್‌ಬ್ವಾರ್’ ಎಂದರೆ ಕುಡಿಯಲಿಕ್ಕೆಂದು ಕೊಟ್ಟದ್ದು. ರಷ್ಯನ್ ಭಾಷೆಯಲ್ಲಿ ಅದು ಚಹಾದ ಕಾಸು. ಈಜಿಪ್ಟಿನಲ್ಲಿ ಹೆಜ್ಜೆಹೆಜ್ಜೆಗೂ ಕಿವಿಗೆ ಬೀಳುವ ‘ಬಕ್ಷೀಶ್’ ಪಾರಸಿ ಮೂಲದ ಪದ, ಕನ್ನಡದ ‘ಭಕ್ಷೀಸು’ ಕೂಡ ಅದೇ ಮನೆಯದು. ಇಂಗ್ಲಿಷಿನ ‘ಟಿಪ್’ ಎಂಬುದು ಶೀಘ್ರ ಸೇವೆಯನ್ನು ಖಚಿತಪಡಿಸಿಕೊಳ್ಳುವುದು ಎಂಬರ್ಥದ ಮೂರು ಪದಗಳ ಮೊದಲಕ್ಷರಗಳಿಂದ ಆದದ್ದೆಂದು ಹಲವರು ಹೇಳುತ್ತಾರೆ, ಆದರೆ ಅದು ಕಟ್ಟುಕಥೆ. ಆ ಪದ ಕಳ್ಳರ ಗುಪ್ತ ಭಾಷೆಯಲ್ಲಿ ‘ಕೈಗೆ ದಾಟಿಸು’ ಎಂಬರ್ಥದಲ್ಲಿ ಹದಿನೇಳನೆಯ ಶತಮಾನದಲ್ಲೇ ಬಳಕೆಯಲ್ಲಿತ್ತು. ಇವುಗಳಲ್ಲಿ ಹಲವು ಹೆಸರುಗಳು ಒಂದು ಗುಟುಕು ಚಹಾಕ್ಕೋ ಮದ್ಯಕ್ಕೋ ಸಾಲುವಷ್ಟು ಸಣ್ಣ ಹಣವನ್ನೇ ಸೂಚಿಸುತ್ತವೆ. ಹೆಸರು ಸಣ್ಣದಾಗಿಯೇ ಉಳಿದಿದೆ, ಆದರೆ ಕೆಲವು ದೇಶಗಳಲ್ಲಿ ಆ ಹಣ ಬೆಳೆದು ಮನೆ ಬಾಡಿಗೆಯನ್ನೂ ಮಕ್ಕಳ ಶಾಲೆಯ ಶುಲ್ಕವನ್ನೂ ಹೊರುವ ಸಂಬಳವಾಗಿಬಿಟ್ಟಿದೆ.

ಹಾಗಾಗಿ ಯಾವುದೇ ದೇಶಕ್ಕೆ ಹೊರಡುವ ಮುನ್ನ ನಾನು ‘ಅಲ್ಲಿ ಎಷ್ಟು ಟಿಪ್ಸ್ ಕೊಡಬೇಕು’ ಎಂದು ಕೇಳುವುದನ್ನು ಬಿಟ್ಟು, ‘ನನಗೆ ಊಟ ಬಡಿಸುವವರಿಗೆ ಅಲ್ಲಿ ಸಂಬಳ ಕೊಡುವವರು ಯಾರು’ ಎಂದು ಕೇಳಿಕೊಳ್ಳಲು ಆರಂಭಿಸಿದ್ದೇನೆ. ಈ ಪ್ರಶ್ನೆಗೆ ಉತ್ತರ ಸಿಕ್ಕರೆ ಎಷ್ಟು ಎಂಬುದು ತಾನಾಗಿಯೇ ತಿಳಿಯುತ್ತದೆ.

ಅಮೆರಿಕದಲ್ಲಿ ಈ ಪ್ರಶ್ನೆಗೆ ಉತ್ತರ ಕಾನೂನಿನಲ್ಲೇ ಇದೆ. ಅಲ್ಲಿ ಕೇಂದ್ರ ಸರ್ಕಾರ ನಿಗದಿಪಡಿಸಿದ ಸಾಮಾನ್ಯ ಕನಿಷ್ಠ ವೇತನ ಗಂಟೆಗೆ 7.25 ಡಾಲರ್, 2009ರಿಂದ ಅದು ಬದಲಾಗಿಲ್ಲ. ಆದರೆ ಟಿಪ್ಸ್ ಪಡೆಯುವ ನೌಕರರಿಗೆ ಮಾಲೀಕರು ತಮ್ಮ ಕೈಯಿಂದ ಕೊಡಬೇಕಾದ ಕನಿಷ್ಠ ಮೊತ್ತ ಗಂಟೆಗೆ 2.13 ಡಾಲರ್ ಮಾತ್ರ, ಮತ್ತು ಈ ಅಂಕಿ 1991ರಿಂದ ನಿಂತಲ್ಲೇ ನಿಂತಿದೆ. ಮಧ್ಯದ 5.12 ಡಾಲರ್ ಗ್ರಾಹಕರ ಜೇಬಿನಿಂದ ಬರುತ್ತದೆ ಎಂಬುದು ಲೆಕ್ಕಾಚಾರ. ಟಿಪ್ಸ್ ಸೇರಿಸಿಯೂ 7.25 ಮುಟ್ಟದಿದ್ದರೆ ಕೊರತೆಯನ್ನು ಮಾಲೀಕರೇ ತುಂಬಿಕೊಡಬೇಕೆಂಬ ನಿಯಮವಿದೆ ಎಂಬುದು ನಿಜ. ಆದರೆ ಆ ನಿಯಮದಿಂದ ಸಿಗುವುದು ಕನಿಷ್ಠ ವೇತನವಷ್ಟೇ, ಒಂದು ದೊಡ್ಡ ನಗರದಲ್ಲಿ ಅದರಿಂದ ಬದುಕು ಸಾಗುವುದಿಲ್ಲ. ಈ ಏರ್ಪಾಡಿಗೆ ಕಾನೂನಿನ ಮುದ್ರೆ ಬಿದ್ದದ್ದು 1966ರ ತಿದ್ದುಪಡಿಯಲ್ಲಿ. ಕ್ಯಾಲಿಫೋರ್ನಿಯಾ, ವಾಷಿಂಗ್ಟನ್, ಆರೆಗಾನ್, ನೆವಾಡಾ, ಮೊಂಟಾನಾ, ಮಿನೆಸೋಟಾ ಮತ್ತು ಅಲಾಸ್ಕಾ ರಾಜ್ಯಗಳು ಇದನ್ನು ಒಪ್ಪದೆ, ಟಿಪ್ಸ್ ಬರಲಿ ಬಿಡಲಿ, ಪೂರ್ಣ ಕನಿಷ್ಠ ವೇತನವನ್ನು ಮಾಲೀಕರೇ ಕೊಡಬೇಕೆಂದು ವಿಧಿಸಿವೆ. ಟೆಕ್ಸಾಸ್‌ನಂತಹ ರಾಜ್ಯಗಳಲ್ಲಿ ಆ 2.13 ಡಾಲರೇ ಇಂದಿಗೂ ಚಾಲ್ತಿಯಲ್ಲಿದೆ.

ಇದರ ಹಿಂದಿನ ಇತಿಹಾಸ ಓದಿದಾಗ ಮನಸ್ಸು ಭಾರವಾಯಿತು. ಟಿಪ್ಸ್ ಅಮೆರಿಕದಲ್ಲಿ ಹುಟ್ಟಿದ ಪದ್ಧತಿಯಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿಗೆ ಹೋಗಿಬಂದ ಶ್ರೀಮಂತರು ಅದನ್ನು ತಮ್ಮೊಂದಿಗೆ ತಂದರು. ಅದೇ ಕಾಲಕ್ಕೆ ಅಂತರ್ಯುದ್ಧ ಮುಗಿದು ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರು ಕೆಲಸ ಹುಡುಕುತ್ತಿದ್ದರು, ಮತ್ತು ಅವರನ್ನು ಅತ್ಯಲ್ಪ ಸಂಬಳಕ್ಕೆ ಇಟ್ಟುಕೊಂಡು ಉಳಿದದ್ದನ್ನು ಗಿರಾಕಿಗಳಿಂದ ಪಡೆದುಕೊಳ್ಳಿ ಎನ್ನುವುದು ಹಲವು ಮಾಲೀಕರಿಗೆ ಅನುಕೂಲವಾಗಿ ಕಂಡಿತು. ರೈಲಿನ ಮಲಗುವ ಬೋಗಿಗಳನ್ನು ನಡೆಸುತ್ತಿದ್ದ ಪುಲ್‌ಮನ್ ಕಂಪನಿಯ ಪೋರ್ಟರುಗಳ ಬದುಕು ಬಹುಪಾಲು ಟಿಪ್ಸ್ ಮೇಲೆಯೇ ನಿಂತಿತ್ತು. ಅವರು 1925ರಲ್ಲಿ ಎ. ಫಿಲಿಪ್ ರಾಂಡಾಲ್ಫ್ ನೇತೃತ್ವದಲ್ಲಿ ಸಂಘ ಕಟ್ಟಿ, ಹನ್ನೆರಡು ವರ್ಷ ಹೋರಾಡಿ, 1937ರಲ್ಲಿ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡರು. ಈ ಪದ್ಧತಿಯನ್ನು ವಿರೋಧಿಸಿದವರೂ ಇದ್ದರು: ವಾಷಿಂಗ್ಟನ್ ರಾಜ್ಯ 1909ರಲ್ಲಿ ಟಿಪ್ಸ್ ಅನ್ನೇ ನಿಷೇಧಿಸಿತು, ಇನ್ನೂ ಕೆಲವು ರಾಜ್ಯಗಳು ಅದನ್ನು ಅನುಸರಿಸಿದವು, ಆದರೆ 1926ರ ಹೊತ್ತಿಗೆ ಆ ಕಾನೂನುಗಳೆಲ್ಲ ರದ್ದಾಗಿದ್ದವು.

ಟಿಪ್ಸ್ ಪದ್ಧತಿಯೇ ತಪ್ಪು, ಮಾಲೀಕರೇ ಸರಿಯಾದ ಸಂಬಳ ಕೊಡಲಿ ಎಂದು ವಾದಿಸಿ ಏನನ್ನೂ ಕೊಡದೆ ಎದ್ದುಬರುವ ಪ್ರವಾಸಿಗಳನ್ನು ನಾನು ಕಂಡಿದ್ದೇನೆ. ವಾದ ಸರಿಯಾದದ್ದೇ, ನನಗೂ ಅದರಲ್ಲಿ ಸಹಮತವಿದೆ. ಆದರೆ ಆ ವಾದದ ಬೆಲೆ ತೆರುವವರು ಮಾಲೀಕರಲ್ಲ, ಆ ರಾತ್ರಿ ನಮ್ಮ ಮೇಜಿಗೆ ನಿಂತಿದ್ದ ವ್ಯಕ್ತಿ. ಅಷ್ಟೇ ಅಲ್ಲ, ಅನೇಕ ಹೋಟೆಲುಗಳಲ್ಲಿ ವೇಟರ್‌ಗಳು ತಮಗೆ ಬಂದ ಟಿಪ್ಸ್‌ನಲ್ಲಿ ಒಂದು ಭಾಗವನ್ನು ಮೇಜು ಒರೆಸುವವರಿಗೂ ಬಾರಿನಲ್ಲಿ ಪಾನೀಯ ಬೆರೆಸಿಕೊಡುವವರಿಗೂ ಹಂಚಬೇಕಾಗುತ್ತದೆ. ಈ ಪಾಲನ್ನು ಕೆಲವೆಡೆ ಬಂದ ಟಿಪ್ಸ್ ಮೇಲಲ್ಲ, ಆದ ಮಾರಾಟದ ಮೇಲೆ ಲೆಕ್ಕ ಹಾಕುತ್ತಾರೆ. ಅಂತಹ ಕಡೆ ನಾವು ಏನೂ ಕೊಡದೆ ಹೋದರೆ, ನಮಗೆ ಬಡಿಸಿದ್ದಕ್ಕಾಗಿ ಆ ವ್ಯಕ್ತಿ ಬೇರೆ ಮೇಜುಗಳಿಂದ ಗಳಿಸಿದ್ದರಲ್ಲಿ ಸ್ವಲ್ಪವನ್ನು ಬಿಟ್ಟುಕೊಟ್ಟಂತಾಗುತ್ತದೆ.

ಅಲ್ಲಿ ಕುಳಿತು ಉಣ್ಣುವ ಹೋಟೆಲುಗಳಲ್ಲಿ ನೂರಕ್ಕೆ 15ರಿಂದ 20 ಎಂಬುದು ಈಗಿನ ರೂಢಿ, ನಗರಗಳಲ್ಲಿ 18ಕ್ಕಿಂತ ಕಡಿಮೆ ಕೊಟ್ಟರೆ ಸೇವೆಯಲ್ಲಿ ಏನೋ ಲೋಪವಾಗಿದೆ ಎಂದು ತಿಳಿಯುತ್ತಾರೆ. ತೆರಿಗೆ ಸೇರುವ ಮೊದಲಿನ ಮೊತ್ತದ ಮೇಲೆ ಲೆಕ್ಕ ಹಾಕಿದರೆ ಸಾಕು. ನ್ಯೂಯಾರ್ಕ್ ನಗರದಲ್ಲಿ ಮಾರಾಟ ತೆರಿಗೆ ನೂರಕ್ಕೆ 8.875 ಇರುವುದರಿಂದ, ಬಿಲ್ಲಿನಲ್ಲಿರುವ ತೆರಿಗೆಯನ್ನು ಎರಡರಿಂದ ಗುಣಿಸಿ ಅಷ್ಟನ್ನೇ ಟಿಪ್ಸ್ ಕೊಡುವ ಸುಲಭ ಉಪಾಯವನ್ನು ಅಲ್ಲಿಯವರು ಬಳಸುತ್ತಾರೆ. 60 ಡಾಲರಿನ ಊಟಕ್ಕೆ 5.33 ತೆರಿಗೆ, ಅದರ ಎರಡು ಪಟ್ಟು 10.66, ಅಂದರೆ ಹೆಚ್ಚೂಕಡಿಮೆ ನೂರಕ್ಕೆ 18. ಬಾರಿನಲ್ಲಿ ಒಂದು ಪಾನೀಯಕ್ಕೆ ಒಂದೆರಡು ಡಾಲರ್, ಪೆಟ್ಟಿಗೆ ಹೊತ್ತು ಕೋಣೆಗೆ ತಂದುಕೊಟ್ಟವರಿಗೆ ಪೆಟ್ಟಿಗೆಯೊಂದಕ್ಕೆ ಅಷ್ಟೇ. ಕೌಂಟರಿನಲ್ಲಿ ನಾವೇ ನಿಂತು ತೆಗೆದುಕೊಳ್ಳುವ ಕಾಫಿಗೂ ಈಗ ಪರದೆಯ ಮೇಲೆ 18, 20, 25 ಎಂಬ ಗುಂಡಿಗಳು ಬರುತ್ತವೆ; ಅಲ್ಲಿ ಏನನ್ನೂ ಕೊಡದೆ ಮುಂದುವರಿಯುವುದರಲ್ಲಿ ತಪ್ಪಿಲ್ಲ, ಹಿಂದೆ ಸಾಲಿನಲ್ಲಿ ನಿಂತವರ ಕಣ್ಣು ನಮ್ಮ ಮೇಲಿದೆ ಎಂಬ ಸಂಕೋಚಕ್ಕೆ ಮಣಿಯಬೇಕಾಗಿಲ್ಲ.

ಕಾರ್ಡಿನಲ್ಲಿ ಹಣ ಕೊಡುವಾಗ ಅಲ್ಲಿ ನಡೆಯುವುದನ್ನು ಮೊದಲೇ ತಿಳಿದುಕೊಂಡಿದ್ದರೆ ಒಳ್ಳೆಯದು. ಅನೇಕ ಕಡೆ ಇಂದಿಗೂ ವೇಟರ್ ನಮ್ಮ ಕಾರ್ಡನ್ನು ಒಳಗೆ ಕೊಂಡೊಯ್ದು, ಬಿಲ್ಲಿನ ಮೊತ್ತಕ್ಕೆ ಮಾತ್ರ ಬ್ಯಾಂಕಿನ ಒಪ್ಪಿಗೆ ಪಡೆದು, ಎರಡು ಚೀಟಿಗಳೊಂದಿಗೆ ಹಿಂದಿರುಗುತ್ತಾರೆ. ಚೀಟಿಯಲ್ಲಿ ಮೊದಲು ಬಿಲ್ಲಿನ ಮೊತ್ತ, ಅದರ ಕೆಳಗೆ ಟಿಪ್ಸ್‌ಗೆ ಒಂದು ಖಾಲಿ ಗೆರೆ, ಅದರ ಕೆಳಗೆ ಒಟ್ಟು ಮೊತ್ತಕ್ಕೆ ಇನ್ನೊಂದು ಗೆರೆ, ಕೊನೆಯಲ್ಲಿ ಸಹಿ. ಎರಡೂ ಗೆರೆಗಳನ್ನು ನಾವೇ ತುಂಬಿ, ಹೋಟೆಲಿನ ಪ್ರತಿಯನ್ನು ಮೇಜಿನ ಮೇಲೆ ಬಿಟ್ಟು, ನಮ್ಮ ಪ್ರತಿಯನ್ನು ತೆಗೆದುಕೊಂಡು ಹೊರಡಬೇಕು. ಮೊಬೈಲಿಗೆ ಮೊದಲು ಬರುವ ಸಂದೇಶದಲ್ಲಿ ಟಿಪ್ಸ್ ಇಲ್ಲದ ಮೊತ್ತವಿರುತ್ತದೆ, ಕೆಲವು ದಿನಗಳ ಬಳಿಕ ಖಾತೆಯಿಂದ ಕಡಿತವಾಗುವುದು ಟಿಪ್ಸ್ ಸೇರಿದ ಮೊತ್ತ. ಈ ವ್ಯತ್ಯಾಸವನ್ನು ಕಂಡು ಯಾರೋ ಕಾರ್ಡನ್ನು ದುರುಪಯೋಗ ಮಾಡಿದ್ದಾರೆಂದು ಗಾಬರಿಯಾಗಿ ಬ್ಯಾಂಕಿಗೆ ದೂರು ಕೊಟ್ಟ ಸ್ನೇಹಿತರೊಬ್ಬರನ್ನು ನಾನು ಬಲ್ಲೆ. ನಮ್ಮ ಪ್ರತಿಯನ್ನು ಲೆಕ್ಕ ತಾಳೆಯಾಗುವವರೆಗೆ ಇಟ್ಟುಕೊಳ್ಳಬೇಕು ಎನ್ನುವುದು ಇದಕ್ಕಾಗಿಯೇ.

ಆ ಖಾಲಿ ಗೆರೆಯನ್ನು ತುಂಬುವ ಮೊದಲು ಬಿಲ್ಲನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ಓದುವುದು ಅಗತ್ಯ. ಆರು ಜನರಿಗಿಂತ ದೊಡ್ಡ ಗುಂಪಾಗಿದ್ದರೆ, ಅಥವಾ ಮಯಾಮಿಯಂತಹ ಪ್ರವಾಸಿಗಳ ಊರಾಗಿದ್ದರೆ, ನೂರಕ್ಕೆ 18 ಅಥವಾ 20ರಷ್ಟು ಸರ್ವಿಸ್ ಚಾರ್ಜನ್ನು ಮೊದಲೇ ಸೇರಿಸಿರುವುದು ಸಾಮಾನ್ಯ, ಹಾಗೆ ಸೇರಿಸಿದ ಮೇಲೂ ಚೀಟಿಯಲ್ಲಿ ಟಿಪ್ಸ್‌ನ ಗೆರೆ ಖಾಲಿಯಾಗಿಯೇ ಇರುತ್ತದೆ. ಗಮನಿಸದವರು ಎರಡು ಸಲ ಕೊಟ್ಟು ಬರುತ್ತಾರೆ. ಈ ಎರಡರ ನಡುವೆ ಕಾನೂನಿನ ಕಣ್ಣಿನಲ್ಲೂ ಅಂತರವಿದೆ. ಟಿಪ್ಸ್ ಎಂದು ನಾವು ಸ್ವಇಚ್ಛೆಯಿಂದ ಬರೆದ ಹಣ ನೌಕರರದು, ಮಾಲೀಕರಾಗಲಿ ಮೇಲ್ವಿಚಾರಕರಾಗಲಿ ಅದನ್ನು ಇಟ್ಟುಕೊಳ್ಳುವಂತಿಲ್ಲವೆಂದು 2018ರ ತಿದ್ದುಪಡಿ ಸ್ಪಷ್ಟವಾಗಿ ಹೇಳುತ್ತದೆ. ಕಡ್ಡಾಯವಾಗಿ ಸೇರಿಸಿದ ಸರ್ವಿಸ್ ಚಾರ್ಜಾದರೋ ಅಲ್ಲಿಯ ತೆರಿಗೆ ಇಲಾಖೆಯ ದೃಷ್ಟಿಯಲ್ಲಿ ಟಿಪ್ಸ್ ಅಲ್ಲವೇ ಅಲ್ಲ, ಅದು ಹೋಟೆಲಿನ ಆದಾಯ. ಅದರಲ್ಲಿ ಎಷ್ಟನ್ನು ನೌಕರರಿಗೆ ಹಂಚಬೇಕೆಂಬುದು ಬಹುಪಾಲು ಹೋಟೆಲಿನವರ ತೀರ್ಮಾನ. ಅಂತಹ ಬಿಲ್ಲು ಬಂದಾಗ ‘ಈ ಹಣ ನಿಮ್ಮ ಕೈ ಸೇರುತ್ತದೆಯೇ’ ಎಂದು ಬಡಿಸಿದವರನ್ನೇ ಮೆಲುದನಿಯಲ್ಲಿ ಕೇಳುವುದನ್ನು ನಾನು ರೂಢಿ ಮಾಡಿಕೊಂಡಿದ್ದೇನೆ. ಇದುವರೆಗೆ ಯಾರೂ ತಪ್ಪು ತಿಳಿದುಕೊಂಡಿಲ್ಲ.

ಬ್ರಿಟನ್ನಿನಲ್ಲಿ ಇದೇ ತೊಡಕನ್ನು ಕಾನೂನಿನಿಂದ ಬಿಡಿಸಲು ಯತ್ನಿಸಿದ್ದಾರೆ. ಅಲ್ಲಿಯ ಹೋಟೆಲುಗಳು, ವಿಶೇಷವಾಗಿ ಲಂಡನ್ನಿನಲ್ಲಿ, ಬಿಲ್ಲಿಗೆ ನೂರಕ್ಕೆ ಹನ್ನೆರಡೂವರೆಯಷ್ಟು ಐಚ್ಛಿಕ ಸರ್ವಿಸ್ ಚಾರ್ಜ್ ಸೇರಿಸುವುದು ವಾಡಿಕೆ. 2023ರಲ್ಲಿ ಅಂಗೀಕಾರವಾದ ಕಾಯ್ದೆಯೊಂದು 2024ರ ಅಕ್ಟೋಬರ್ 1ರಂದು ಇಂಗ್ಲೆಂಡ್, ಸ್ಕಾಟ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಜಾರಿಗೆ ಬಂದಿದ್ದು, ಟಿಪ್ಸ್ ಮತ್ತು ಸರ್ವಿಸ್ ಚಾರ್ಜಿನ ಹಣದಲ್ಲಿ ಮಾಲೀಕರು ತಮ್ಮ ಪಾಲೆಂದು ಏನನ್ನೂ ಮುರಿದುಕೊಳ್ಳದೆ ಪೂರ್ತಿಯಾಗಿ, ನ್ಯಾಯವಾಗಿ ಕೆಲಸಗಾರರಿಗೆ ಹಂಚಬೇಕೆಂದು ವಿಧಿಸುತ್ತದೆ. ಐಚ್ಛಿಕ ಎಂದಿರುವುದರಿಂದ ಅದನ್ನು ತೆಗೆಸಿಹಾಕುವ ಹಕ್ಕು ಗ್ರಾಹಕರಿಗೆ ಇದ್ದೇ ಇದೆ. ಆ ಹಕ್ಕನ್ನು ನಾನು ಒಮ್ಮೆಯೂ ಬಳಸಿಲ್ಲ, ಬಳಸುವ ಪ್ರಸಂಗವೂ ಬಂದಿಲ್ಲ.

ಫ್ರಾನ್ಸಿನಲ್ಲಿ ಮೆನುವಿನ ಬೆಲೆಯೊಳಗೇ ಸೇವೆಯ ಹಣ ಸೇರಿರುತ್ತದೆ. ಬಿಲ್ಲಿನ ಅಡಿಯಲ್ಲಿ ‘ಸರ್ವಿಸ್ ಕೊಂಪ್ರಿ’ ಎಂದು ಮುದ್ರಿಸಿರುವುದು ಅದನ್ನೇ. ಮೇಲೆ ಒಂದೆರಡು ಯೂರೋ ಬಿಟ್ಟುಬಂದರೆ ಅದು ಸಂತೋಷದ ಗುರುತು, ಬಿಡದಿದ್ದರೆ ಅವಮಾನವಲ್ಲ. ಇಟಲಿಯ ಬಿಲ್ಲಿನಲ್ಲಿ ಕಾಣುವ ‘ಕೋಪೆರ್ತೊ’ ಟಿಪ್ಸ್ ಅಲ್ಲ, ತಲೆಗಿಷ್ಟೆಂದು ಮೇಜಿಗೂ ಬ್ರೆಡ್ಡಿಗೂ ವಿಧಿಸುವ ಶುಲ್ಕ. ಸಿಂಗಪುರದಲ್ಲಿ ಬೆಲೆಯ ಮುಂದೆ ಎರಡು ಕೂಡಿಸುವ ಚಿಹ್ನೆಗಳಿದ್ದರೆ ಶೇಕಡಾ 10 ಸೇವಾ ಶುಲ್ಕವೂ ಅದರ ಮೇಲೆ ಶೇಕಡಾ 9 ತೆರಿಗೆಯೂ ಸೇರುತ್ತವೆ ಎಂದರ್ಥ. ನೂರು ಡಾಲರಿನ ಊಟ 119.90 ಆಗುತ್ತದೆ, ಅದಕ್ಕೆ ಮೇಲೆ ಏನನ್ನೂ ಸೇರಿಸಬೇಕಾಗಿಲ್ಲ. ಆಸ್ಟ್ರೇಲಿಯಾ, ನ್ಯೂಜಿಲೆಂಡುಗಳಲ್ಲಿ ಕನಿಷ್ಠ ವೇತನವೇ ಗಟ್ಟಿಯಾಗಿರುವುದರಿಂದ ಟಿಪ್ಸ್ ಯಾರ ನಿರೀಕ್ಷೆಯಲ್ಲೂ ಇಲ್ಲ.

ಜಪಾನಿನ ವಿಷಯದಲ್ಲಿ ‘ಅಲ್ಲಿ ಟಿಪ್ಸ್ ಕೊಡಬಾರದು’ ಎಂಬ ಒಂದೇ ಮಾತನ್ನು ಎಲ್ಲರೂ ಹೇಳುತ್ತಾರೆ. ಹೋಟೆಲು, ಟ್ಯಾಕ್ಸಿ, ಅಂಗಡಿಗಳ ಮಟ್ಟಿಗೆ ಅದು ನಿಜ. ಮೇಜಿನ ಮೇಲೆ ಬಿಟ್ಟ ಹಣವನ್ನು ಮರೆತುಹೋದ ಹಣವೆಂದೇ ಭಾವಿಸಿ ಹಿಂದಿರುಗಿಸಲು ಬರುತ್ತಾರೆ. ಆದರೆ ರ‍್ಯೊಕಾನ್ ಎಂಬ ಸಾಂಪ್ರದಾಯಿಕ ವಸತಿಗೃಹಗಳಲ್ಲಿ ‘ಕೊಕೊರೊಜುಕೆ’ ಎಂಬ ಹಳೆಯ ಪದ್ಧತಿಯೊಂದು ಉಳಿದುಕೊಂಡಿದೆ. ಆ ಪದದ ಮೊದಲ ಭಾಗವಾದ ‘ಕೊಕೊರೊ’ ಎಂದರೆ ಮನಸ್ಸು, ಹೃದಯ. ನಮ್ಮನ್ನು ಕೋಣೆಗೆ ಕರೆತಂದು, ಚಹಾ ಮಾಡಿಕೊಟ್ಟು, ಊಟವನ್ನು ಕೋಣೆಗೇ ತಂದು ಬಡಿಸುವ ‘ನಕಾಯ್’ ಎಂಬ ಪರಿಚಾರಕಿಗೆ ಅದನ್ನು ಕೊಡುತ್ತಾರೆ. ಮಡಿಕೆ ಸುಕ್ಕುಗಳಿಲ್ಲದ ಹೊಸ ನೋಟನ್ನು ‘ಪೊಚಿಬುಕುರೊ’ ಎಂಬ ಅಂಗೈಯಗಲದ ಕಾಗದದ ಲಕೋಟೆಯಲ್ಲಿಟ್ಟು, ಎರಡೂ ಕೈಗಳಿಂದ ನೀಡಬೇಕು. ಲಕೋಟೆ ಇಲ್ಲದಿದ್ದರೆ ಬಿಳಿಯ ಕಾಗದದಲ್ಲಿ ಸುತ್ತಿಯಾದರೂ ಕೊಡಬೇಕೇ ಹೊರತು ಬರಿಯ ನೋಟನ್ನು ಕೈಗಿಡುವುದು ಒರಟುತನವೆನಿಸುತ್ತದೆ. ನನಗೆ ಎಲ್ಲಕ್ಕಿಂತ ಹಿಡಿಸಿದ ಅಂಶವೆಂದರೆ ಅದನ್ನು ಕೊಡುವ ಹೊತ್ತು. ಸಾಮಾನ್ಯವಾಗಿ ಹೊರಡುವಾಗಲ್ಲ, ಬಂದಿಳಿದ ಮೊದಲ ಗಳಿಗೆಯಲ್ಲೇ, ಕೋಣೆಯನ್ನು ತೋರಿಸಿ ಚಹಾ ಮುಂದಿಟ್ಟಾಗಲೇ ಕೊಡುತ್ತಾರೆ. ಮಾಡಿದ ಸೇವೆಯನ್ನು ಅಳೆದು ನೋಡಿ ಕೊಡುವ ಹಣವಲ್ಲ ಅದು, ‘ಇನ್ನು ನಿಮ್ಮ ಆಶ್ರಯದಲ್ಲಿದ್ದೇವೆ’ ಎಂದು ಅತಿಥಿ ಹೇಳುವ ಮಾತು. ಇದು ಕಡ್ಡಾಯವೂ ಅಲ್ಲ, ಆಕೆ ನಯವಾಗಿ ನಿರಾಕರಿಸಿದರೆ ಒತ್ತಾಯಿಸಲೂಬಾರದು.

ಹಣ ಸರಿಯಾದ ಕೈ ಸೇರಬೇಕು ಎಂಬ ಎಚ್ಚರ ಬೇಕಾದ ಇನ್ನೆರಡು ಸಂದರ್ಭಗಳಿವೆ. ಯೂರೋಪಿನ ನಗರಗಳಲ್ಲಿ ಉಚಿತವೆಂದು ಕರೆಯುವ ಕಾಲ್ನಡಿಗೆಯ ಪ್ರವಾಸಗಳಲ್ಲಿ ಮಾರ್ಗದರ್ಶಿಗೆ ಸಂಬಳವೆಂಬುದೇ ಬಹುಮಟ್ಟಿಗೆ ಇರುವುದಿಲ್ಲ. ಅನೇಕ ಕಡೆ, ಬಂದ ಪ್ರತಿಯೊಬ್ಬರ ಲೆಕ್ಕದಲ್ಲಿ ಆತನೇ ಸಂಸ್ಥೆಗೆ ಹಣ ಕಟ್ಟಬೇಕಾಗುತ್ತದೆ, ಹಾಗಾಗಿ ಎರಡು ಗಂಟೆ ಕಥೆ ಕೇಳಿ ಕೊನೆಯ ತಿರುವಿನಲ್ಲಿ ಸದ್ದಿಲ್ಲದೆ ಜಾರಿಕೊಳ್ಳುವವರು ಆತನ ಕೈಯಿಂದಲೇ ಕಿತ್ತುಕೊಂಡಂತೆ. ಕಿಲಿಮಂಜಾರೊದಂತಹ ಪರ್ವತಗಳ ಚಾರಣದಲ್ಲಿ ಹೊರೆ ಹೊರುವವರ ಗಳಿಕೆಯಲ್ಲಿ ಟಿಪ್ಸ್‌ನದೇ ದೊಡ್ಡ ಪಾಲು. ಎಲ್ಲವನ್ನೂ ಒಟ್ಟುಮಾಡಿ ಮುಖ್ಯ ಮಾರ್ಗದರ್ಶಿಯ ಕೈಗೆ ಕೊಟ್ಟರೆ ಕೊನೆಯವನಿಗೆ ಎಷ್ಟು ಮುಟ್ಟಿತೆಂದು ತಿಳಿಯುವುದಿಲ್ಲವಾದ್ದರಿಂದ, ಎಲ್ಲರ ಎದುರಿನಲ್ಲಿ ಮೊತ್ತವನ್ನು ಹೇಳಿ, ಪ್ರತಿಯೊಬ್ಬರಿಗೂ ಬೇರೆ ಬೇರೆ ಲಕೋಟೆ ಕೊಡುವುದು ಸರಿ. ಎಲ್ಲೇ ಆಗಲಿ ಆ ದೇಶದ ನೋಟುಗಳಲ್ಲೇ ಕೊಡುವುದು ಒಳ್ಳೆಯದು. ಬೇರೆ ದೇಶದ ನಾಣ್ಯಗಳನ್ನು ಹಣ ಬದಲಾಯಿಸುವ ಕೌಂಟರುಗಳು ತೆಗೆದುಕೊಳ್ಳುವುದಿಲ್ಲ, ಪಡೆದವರಿಗೆ ಅವು ನೆನಪಿನ ಕಾಣಿಕೆಗಳಾಗಿ ಉಳಿಯುತ್ತವೆ ಅಷ್ಟೆ. ಪೊಲೀಸರು, ಸುಂಕದ ಅಧಿಕಾರಿಗಳು ಮುಂತಾದ ಸರ್ಕಾರಿ ನೌಕರರಿಗೆ ಪ್ರೀತಿಯಿಂದ ಕೊಟ್ಟರೂ ಅದು ಲಂಚವೇ ಆಗುತ್ತದೆ.

ಹೋಟೆಲಿನ ಕೋಣೆಯನ್ನು ಸ್ವಚ್ಛಗೊಳಿಸುವವರನ್ನು ನಾನು ಕೊನೆಗೆ ಉಳಿಸಿಕೊಂಡಿದ್ದೇನೆ, ಏಕೆಂದರೆ ಪ್ರವಾಸಿಗಳು ಎಲ್ಲರಿಗಿಂತ ಹೆಚ್ಚಾಗಿ ಮರೆಯುವುದು ಅವರನ್ನೇ. ಊಟ ತಂದಿಟ್ಟವರು ಎದುರಿಗೆ ನಿಂತಿರುತ್ತಾರೆ, ಪೆಟ್ಟಿಗೆ ಹೊತ್ತವರು ಬಾಗಿಲಲ್ಲಿ ಒಂದು ಕ್ಷಣ ತಡೆಯುತ್ತಾರೆ. ಹಾಸಿಗೆ ಬದಲಿಸಿ ಬಚ್ಚಲು ತೊಳೆಯುವವರು ಬರುವುದು ನಾವು ಕೋಣೆಯಲ್ಲಿ ಇಲ್ಲದ ಹೊತ್ತಿನಲ್ಲಿ. ಅಮೆರಿಕದಲ್ಲಿ ಅವರಿಗೆ ರಾತ್ರಿಯೊಂದಕ್ಕೆ ಎರಡರಿಂದ ಐದು ಡಾಲರ್ ಇಡುವ ರೂಢಿಯಿದೆ ಎಂದು ತಿಳಿದಿದ್ದ ನಾನು, ಷಿಕಾಗೋದಲ್ಲಿ ಆರು ದಿನ ತಂಗಿದ್ದಾಗ, ಹೊರಡುವ ದಿನ ಒಟ್ಟಿಗೆ ಇಪ್ಪತ್ತು ಡಾಲರ್ ಇಟ್ಟುಹೋದರಾಯಿತೆಂದು ಎಣಿಸಿದ್ದೆ. ನಾಲ್ಕನೆಯ ದಿನ ಮಧ್ಯಾಹ್ನ ಮರೆತ ಕನ್ನಡಕಕ್ಕಾಗಿ ಹಿಂದಿರುಗಿದಾಗ, ಐವತ್ತು ದಾಟಿದ ಹೆಂಗಸೊಬ್ಬರು ಕೋಣೆಯಲ್ಲಿ ಹಾಸಿಗೆಯ ಮೂಲೆಯನ್ನು ಎತ್ತಿ ಚಾದರದ ಅಂಚನ್ನು ಒಳಗೆ ಮಡಚುತ್ತಿದ್ದರು. ಒಂದು ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡಿದ್ದರು. ನಾಲ್ಕು ದಿನವೂ ಬಂದವರು ತಾನೇ ಎಂದೂ, ನಾಳೆ ನಾಡಿದ್ದು ತನಗೆ ರಜೆಯೆಂದೂ, ಬೇರೆಯವರು ಬರುತ್ತಾರೆಂದೂ ಹೇಳಿ, ಏನಾದರೂ ಬೇಕಿದ್ದರೆ ಇಂದೇ ತಿಳಿಸಿ ಎಂದರು. ನನ್ನ ಲೆಕ್ಕದಂತೆ ನಡೆದಿದ್ದರೆ ಅವರ ನಾಲ್ಕು ದಿನಗಳ ದುಡಿಮೆಯ ಹಣ, ಒಂದು ದಿನವಷ್ಟೇ ಬಂದ ಇನ್ನೊಬ್ಬರ ಕೈ ಸೇರುತ್ತಿತ್ತು.

ನಾನು ಜೇಬಿನಲ್ಲಿದ್ದುದನ್ನು ಅಲ್ಲೇ ಅವರಿಗೆ ಕೊಟ್ಟೆ. ಮೇಜಿನ ಮೇಲೆ ಮೊದಲ ದಿನದಿಂದ ಬಿದ್ದಿದ್ದ ಎರಡು ಒಂದು ಡಾಲರಿನ ನೋಟುಗಳನ್ನು ತೋರಿಸಿ, ‘ಇವೂ ನಿಮಗೇ ಎಂದು ಇಟ್ಟದ್ದು, ಏಕೆ ತೆಗೆದುಕೊಳ್ಳಲಿಲ್ಲ’ ಎಂದು ಕೇಳಿದಾಗ, ಚೀಟಿ ಬರೆದಿಡದ ಹಣವನ್ನು ತಾವು ಮುಟ್ಟುವುದಿಲ್ಲ, ಅದು ಅತಿಥಿ ಮರೆತ ಹಣವಾಗಿದ್ದರೆ ತಮ್ಮ ಕೆಲಸವೇ ಹೋಗುತ್ತದೆ ಎಂದರು. ನಾಲ್ಕು ದಿನವೂ ಅವರು ಆ ನೋಟುಗಳನ್ನು ಎತ್ತಿ, ಮೇಜು ಒರೆಸಿ, ಮತ್ತೆ ಇದ್ದಲ್ಲೇ ಇಟ್ಟಿದ್ದರು. ಈಗ ನಾನು ಇಳಿದ ದಿನವೇ ಸಣ್ಣ ನೋಟುಗಳನ್ನು ಮಾಡಿಸಿಕೊಂಡು, ಪ್ರತಿ ಬೆಳಗ್ಗೆ ಹೊರಡುವ ಮುನ್ನ ದಿಂಬಿನ ಪಕ್ಕದಲ್ಲಿ ಆ ದಿನದ ಹಣವನ್ನು ಇಟ್ಟು, ಅದರ ಮೇಲೆ ‘ಕೋಣೆಯನ್ನು ಸ್ವಚ್ಛಗೊಳಿಸುವವರಿಗೆ, ಧನ್ಯವಾದಗಳೊಂದಿಗೆ’ ಎಂದು ಆ ದೇಶದ ಭಾಷೆಯಲ್ಲಿ ಬರೆದ ಚೀಟಿಯನ್ನು ಇಡುತ್ತೇನೆ.